ಟೆಂಟಿಗೊಂದು ಥರ್ಮಾಮೀಟರ್

"ಚಳಿ ಆದ್ರ ಮೈಗೇ ಗೊತ್ತಾಗ್ತದಲ್ರೀ, ಅದಕ್ಕೊಂದು ಮಷಿನ್ ಯಾಕ?" ಅಂತ ನಾನೂ ನಗುತ್ತಿದ್ದೆ. ಕಳೆದ ಜನವರಿವರೆಗೆ.

ಗೋಕಾಕದ ಹತ್ತಿರ ಘಟಪ್ರಭೆಯ ದಂಡೆಗೆ ಗೆಳೆಯನ ಹೊಲ ಇದೆ. ಸೀತನಿ ತಿಂದು ರಾತ್ರಿ ಅಲ್ಲೇ ಟೆಂಟ್ ಹಾಕೋಣ ಅಂತ ಹೊರಟೆವು. "ನಾನೂ ಬರ್ತೀನಪಾ" ಅಂದಳು ಅವ್ವ. ಮೊಬೈಲು ರಾತ್ರಿ 16 ಡಿಗ್ರಿ ಅಂತಿತ್ತು. ಹಾಗಾದರೆ ಒಬ್ಬೊಬ್ಬರಿಗೆ ಒಂದು ಕೌದಿ ಸಾಕು ಅಂದುಕೊಂಡೆ. ನಸುಕಿನ ನಾಲ್ಕಕ್ಕೆ ಎಚ್ಚರಾಗಿ ನೋಡಿದರೆ ಅವ್ವನ ಕೈ ಕಲ್ಲಿನ ಹಾಗೆ ತಣ್ಣಗೆ, ಮಾತು ತೊದಲುತ್ತಿತ್ತು. ಆದರೂ "ಏನಾಗಿಲ್ಲ, ಮಲ್ಕೋ" ಅನ್ನುತ್ತಿದ್ದಳು! ಕಾರಿನಲ್ಲಿ ಕೂರಿಸಿ, ಹೀಟರ್ ಹಾಕಿ, ಬಿಸಿ ಚಹಾ ಕುಡಿಸಿದ ಮೇಲೆ ಸರಿಹೋದಳು. ವಯಸ್ಸಾದವರ ಮೈ ಚಳಿಯನ್ನು ತಡವಾಗಿ ಹೇಳುತ್ತದೆ ಅನ್ನೋದು ನನಗೆ ತಿಳಿದದ್ದು ಆಮೇಲೆ.

ಮೊಬೈಲು ಸುಳ್ಳು ಹೇಳಿತು ಅನ್ನೋದೂ ತಪ್ಪು. ಅದು ಹೇಳುವುದು ಒಂದು ದೊಡ್ಡ ಪ್ರದೇಶದ ಅಂದಾಜು. ಮೋಡವಿಲ್ಲದ ರಾತ್ರಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಣ್ಣಗಾದ ಗಾಳಿ ಭಾರ, ಹಾಗಾಗಿ ತಗ್ಗಿನಲ್ಲಿ ಬಂದು ನಿಲ್ಲುತ್ತದೆ. ನದಿ ದಂಡೆಯ ಹೊಲ ಅಂದರೆ ಅದೇ ತಗ್ಗು. ಇನ್ನು ಹವಾಮಾನ ಕೇಂದ್ರದವರು ಥರ್ಮಾಮೀಟರನ್ನು ನೆರಳಿನ ಪೆಟ್ಟಿಗೆಯಲ್ಲಿ, ನೆಲದಿಂದ ಸುಮಾರು ನಾಲ್ಕು ಅಡಿ ಮೇಲೆ ಇಡುತ್ತಾರೆ. ಅದು ಅವರ ಕೆಲಸಕ್ಕೆ ಸರಿ. ಆದರೆ ನಮ್ಮವ್ವ ಮಲಗಿದ್ದು ನಾಲ್ಕು ಅಡಿ ಮೇಲಲ್ಲ, ನೆಲದ ಮೇಲೆ.

ಸರಿ, ಒಂದು ಕೊಳ್ಳೋಣ ಅಂತ ಅಂಗಡಿಗೆ ಹೋದರೆ ಮೊದಲು ತೋರಿಸಿದ್ದು 2020ರಲ್ಲಿ ಎಲ್ಲರ ಹಣೆಗೂ ಹಿಡಿದಿದ್ದರಲ್ಲ, ಆ ಪಿಸ್ತೂಲು :) ಅದು ಎದುರಿಗಿರುವ ವಸ್ತುವಿನ ಮೇಲ್ಮೈ ಕಾವನ್ನು ಅಳೆಯುತ್ತದೆ, ಗಾಳಿಯದ್ದನ್ನಲ್ಲ. ಜ್ವರದ ಥರ್ಮಾಮೀಟರಿಗೆ ಇಷ್ಟು ಕೆಳಗಿನ ಲೆಕ್ಕವೇ ಇಲ್ಲ. ಪಾದರಸದ್ದಂತೂ ಹಾಸಿಗೆ ಹತ್ತಿರ ಬೇಡವೇ ಬೇಡ, ಒಡೆದರೆ ಕೌದಿಯ ಎಳೆಯಿಂದ ಪಾದರಸ ಆರಿಸುವವರು ಯಾರು? ಕೆಂಪು ದ್ರವದ ಗಾಜಿನ ಕೊಳವೆ ಅಗ್ಗ, ಬ್ಯಾಟರಿಯೂ ಬೇಡ. ಆದರೆ ನಾವು ಮಲಗಿದ್ದಾಗ ಎಷ್ಟಕ್ಕೆ ಇಳಿದಿತ್ತು ಅಂತ ಅದು ಬೆಳಿಗ್ಗೆ ಹೇಳುವುದಿಲ್ಲ.

ನನ್ನ ಮಟ್ಟಿಗೆ ಮುಖ್ಯ ಅದೇ. ಕನಿಷ್ಠ-ಗರಿಷ್ಠ ನೆನಪಿಡುವ, ವೈರಿನ ತುದಿಗೆ ಸೆನ್ಸರ್ ಇರುವ ಡಿಜಿಟಲ್ ಒಂದನ್ನು 450 ರೂಪಾಯಿ ಕೊಟ್ಟು ತಂದೆ. ಡಬ್ಬಿ ತಲೆದಿಂಬಿನ ಪಕ್ಕ, ವೈರು ಟೆಂಟಿನ ಹೊರಗೆ. ಒಳಗಿನದೂ ಹೊರಗಿನದೂ ಒಟ್ಟಿಗೇ ಕಾಣುತ್ತದೆ. ಅಲಾರಂ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು, ಇಷ್ಟಕ್ಕಿಂತ ಇಳಿದರೆ ಕೂಗು ಅಂತ ಹೇಳಿ ಮಲಗಬಹುದು. ದಿಕ್ಸೂಚಿ, ಟಾರ್ಚು, ಸೀಟಿ ಎಲ್ಲ ಸೇರಿಸಿದ 'ಟ್ರೆಕ್ಕಿಂಗ್ ಸ್ಪೆಷಲ್' ಮಾಲಿಗೆ ದುಡ್ಡು ಹಾಕಬೇಡಿ. ಬ್ಯಾಗಿಗೆ ಸಿಕ್ಕಿಸಿಕೊಳ್ಳುವ ಪುಟ್ಟದ್ದು ಬಿಸಿಲಿಗೆ ಬಿದ್ದರೆ ಬಿಸಿಲಲ್ಲಿ ಕಾದ ತನ್ನ ಕಾವನ್ನೇ ತೋರಿಸುತ್ತದೆ.

ತಂದ ದಿನವೇ ಪರೀಕ್ಷೆ ಮಾಡಿ. ಲೋಟದ ತುಂಬ ಪುಡಿ ಐಸು, ಸ್ವಲ್ಪ ನೀರು, ಚೆನ್ನಾಗಿ ಕಲಸಿ ಸೆನ್ಸರ್ ತುದಿಯನ್ನಷ್ಟೇ ಅದ್ದಿ ಐದು ನಿಮಿಷ ಬಿಡಿ. ಸೊನ್ನೆಯ ಹತ್ತಿರ ನಿಲ್ಲಬೇಕು. ನನ್ನದು 0.6ಕ್ಕೆ ನಿಂತಿತು. ಅಷ್ಟು ಕಳೆದುಕೊಂಡು ಓದುತ್ತೇನೆ, ಅಂಗಡಿಗೆ ವಾಪಸ್ ಒಯ್ಯಲಿಲ್ಲ.

ಎರಡು ವಾರ ಬಿಟ್ಟು ಅದೇ ಹೊಲಕ್ಕೆ ಒಬ್ಬನೇ ಹೋಗಿ, ಸೆನ್ಸರನ್ನು ಟೆಂಟಿನ ಹೊರಗೆ ನೆಲಕ್ಕಿಂತ ಒಂದು ಗೇಣು ಮೇಲೆ ಕಟ್ಟಿ ಮಲಗಿದೆ. ಮೊಬೈಲಿನಲ್ಲಿ ಆ ರಾತ್ರಿಯೂ 16. ಬೆಳಿಗ್ಗೆ ಬಟನ್ ಒತ್ತಿದಾಗ ಕನಿಷ್ಠ 11.2 ತೋರಿಸಿತು. 0.6 ಕಳೆದರೆ 10.6. ಬರುವ ಸೀತನಿಗೆ ಅವ್ವ ಮತ್ತೆ ಬರ್ತೀನಿ ಅಂತಿದ್ದಾಳೆ. ಅವಳ ಪಾಲಿಗೆ ಮೂರು ಕೌದಿ, ಕೆಳಗೆ ಹಾಸಲು ದಪ್ಪ ಜಮಖಾನೆ. ಅಲಾರಂ 12ಕ್ಕೆ.