ಅರ್ಥವಿಲ್ಲದ ಹಾಡಿಗೆ ಅರ್ಥ ಹಚ್ಚುವವರು

ಮಕ್ಕಳಿಗೆ ಕನ್ನಡ ಕಲಿಸಬೇಕೆಂಬ ಕಾಳಜಿ ಹೊರನಾಡಿನಲ್ಲಿರುವ ನಮ್ಮೆಲ್ಲರಿಗೂ ಇದೆ. ಸಂತೋಷ. ಆದರೆ ಆ ಕಾಳಜಿಯ ಬೆನ್ನಿಗೇ ಒಂದು ವಿಚಿತ್ರ ಚಾಳಿಯೂ ನಮಗೆ ಅಂಟಿಕೊಂಡಿದೆ. ಅಜ್ಜಿಯಂದಿರ ಬಾಯಲ್ಲಿ ಉಳಿದು ಬಂದ ಶಿಶುಪ್ರಾಸಗಳನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿ, "ನಿನ್ನ ಅರ್ಥವೇನು, ಹೇಳಿ ಒಳಗೆ ಬಾ" ಎಂದು ಜಬರದಸ್ತು ಮಾಡುವ ಚಾಳಿ ಅದು.

ನಮ್ಮ ಸುತ್ತಿನ ಒಂದು ಸಂಘದ ಮಕ್ಕಳ ಸ್ಪರ್ಧೆಯಲ್ಲಿ ಶಿಶುಗೀತೆ ಹಾಡುವುದಕ್ಕೆ ಅರ್ಧ ಅಂಕ, ಅದರ ಅರ್ಥ ವಿವರಿಸುವುದಕ್ಕೆ ಉಳಿದರ್ಧ ಅಂಕ ಎಂದು ಗೊತ್ತುಪಡಿಸಿದ್ದನ್ನು ಕಂಡಿದ್ದೇನೆ. ಅವಲಕ್ಕಿಯ ಪ್ರಾಸ ಹೇಳಿ ಎಲ್ಲರನ್ನೂ ನಗಿಸಿದ ಐದು ವರ್ಷದ ಕೂಸು, ಅರ್ಥ ಕೇಳಿದೊಡನೆ ಬಾಯಿ ಮುಚ್ಚಿಕೊಂಡು ನಿಂತಿತು. ತಾಯಿ ಬರೆದುಕೊಟ್ಟ ನೀತಿಯನ್ನು ಗಿಳಿಪಾಠ ಒಪ್ಪಿಸಿದ ಮಗುವಿಗೆ ಬಹುಮಾನ ಹೋಯಿತು. ಈ ಲೆಕ್ಕ ಯಾವ ನ್ಯಾಯ?

ಅರ್ಥ ಕೇಳುವವರಲ್ಲಿ ಎರಡು ಪಂಗಡ. ಮೊದಲನೆಯವರು, "ಇವಕ್ಕೆ ಅರ್ಥವೇ ಇಲ್ಲ, ಮಕ್ಕಳಿಗೆ ಯಾಕೆ?" ಎಂದು ಕೈಬಿಡುವವರು. ಎರಡನೆಯವರು ಇನ್ನೂ ಅಪಾಯಕಾರಿಗಳು. ಅರ್ಥವಿಲ್ಲದೆಡೆ ತಾವೇ ಒಂದನ್ನು ಹುಟ್ಟಿಸಿ ವಾಟ್ಸಾಪಿನಲ್ಲಿ ಹರಿಯಬಿಡುವವರು. ಕಣ್ಣಾಮುಚ್ಚಾಲೆಯ ಪದದಲ್ಲಿ ಒಬ್ಬರಿಗೆ ಪುರಾಣದ ಕಥೆ ಕಾಣುತ್ತದೆ, ಇನ್ನೊಬ್ಬರಿಗೆ ವೇದಾಂತ ಕಾಣುತ್ತದೆ. "ಆಧಾರವೇನು ಸ್ವಾಮಿ?" ಎಂದು ಕೇಳಿದರೆ, "ನಮ್ಮ ಹಿರಿಯರು ಸುಮ್ಮನೆ ಹೇಳುತ್ತಿದ್ದರೆ?" ಎಂಬ ಮರುಪ್ರಶ್ನೆ. ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತ ಬರೆಯುವ ಗುಮಾಸ್ತ ನಾನು. ಆಧಾರಪತ್ರವಿಲ್ಲದೆ ಟಿಪ್ಪಣಿ ಬರೆದರೆ ಕಡತ ಮರುಕ್ಷಣವೇ ಮೇಜಿಗೆ ಹಿಂತಿರುಗುತ್ತದೆ. ಅಜ್ಜಿಯ ಹಾಡಿನ ಕಡತಕ್ಕೆ ಮಾತ್ರ ಈ ನಿಯಮ ಬೇಡವೆ?

ಈ ರೋಗ ನಮ್ಮದೊಂದೇ ಅಲ್ಲ. ನಮ್ಮ ಮಕ್ಕಳೆಲ್ಲ ಶಾಲೆಯಲ್ಲಿ ಕೈಕೈ ಹಿಡಿದು ಸುತ್ತಿ ಧೊಪ್ಪೆಂದು ಬೀಳುವ 'ರಿಂಗಾ ರಿಂಗಾ ರೋಸಸ್' ಇದೆಯಲ್ಲ, ಅದು 1665ರ ಲಂಡನ್ ಪ್ಲೇಗಿನ ಹಾಡು ಎಂದು ವಿದ್ಯಾವಂತರೆಲ್ಲ ನಂಬಿದ್ದಾರೆ. ಇಂಗ್ಲೆಂಡಿನಲ್ಲಿ ಕೇಟ್ ಗ್ರೀನ್‌ಅವೇ ಎಂಬಾಕೆಯ ಸಚಿತ್ರ ಪುಸ್ತಕದಲ್ಲಿ ಅದು ಅಚ್ಚಾದದ್ದು 1881ರಲ್ಲಿ. ನಡುವೆ 216 ವರ್ಷಗಳ ಅಂತರ. ಪ್ಲೇಗಿನ ಅರ್ಥ ಪ್ರಚಾರಕ್ಕೆ ಬಂದದ್ದಾದರೂ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ. ಶಿಶುಪ್ರಾಸಗಳ ಸಂಗ್ರಹಕ್ಕೆಂದೇ ಬಾಳು ಸವೆಸಿದ ಓಪಿ ದಂಪತಿಗಳು ಅದನ್ನು ಒಪ್ಪಲಿಲ್ಲ. ಹಾಡಿನಲ್ಲಿರುವ ಸೀನು ಪ್ಲೇಗಿನ ಲಕ್ಷಣಕ್ಕೆ ಹೊಂದುವುದಿಲ್ಲ, ಹಾಡಿನ ಎಷ್ಟೋ ಪಾಠಗಳಲ್ಲಿ ಆ ಸೀನೇ ಇಲ್ಲ. ಪ್ಲೇಗೆಂದರೇನು ಎಂಬುದನ್ನು 1896ರಲ್ಲಿ ಮುಂಬಯಿಯ ಮಾಂಡವಿ, 1898ರಲ್ಲಿ ಬೆಂಗಳೂರು ಕಣ್ಣಾರೆ ಕಂಡಿವೆ. ಮಕ್ಕಳ ಕುಣಿತಕ್ಕೆ ಆ ಹೆಣಗಳನ್ನು ಕಟ್ಟುವುದು ಪಾಂಡಿತ್ಯವಲ್ಲ, ಚಪಲ.

ಹಾಗಾದರೆ ಈ ಪ್ರಾಸಗಳಿಗೆ ಏನೂ ಇಲ್ಲವೆ? ಇದೆ. ಅವಕ್ಕೆ ಅರ್ಥಕ್ಕಿಂತ ಮೊದಲು ಕೆಲಸವಿದೆ. ಕಣ್ಣಾಮುಚ್ಚಾಲೆಯ ಪದ ಒಂದು ಗಡಿಯಾರ. ಅದು ಮುಗಿಯುವುದರೊಳಗೆ ಅಡಗಬೇಕು, ಕೊನೆಯ ಮಾತು ಬಿದ್ದೊಡನೆ ಹುಡುಕುವವನು ಹೊರಡಬೇಕು. ಅವಲಕ್ಕಿಯ ಪದ ಒಂದು ಚೀಟಿ ಎತ್ತುವಿಕೆ. ಒಂದೊಂದು ಪೆಟ್ಟಿಗೆ ಒಂದೊಂದು ಕೈ, ಕೊನೆಯ ಪೆಟ್ಟು ಯಾರ ಮೇಲೋ ಅವರು ಹೊರಗೆ. ಜಗಳವಿಲ್ಲ, ತಕರಾರಿಲ್ಲ. ಆನೆಯ ಪದ ಮಗುವನ್ನು ತೂಗುವುದಕ್ಕೆ, ಚಂದಮಾಮನ ಪದ ಒಂದು ತುತ್ತು ಹೆಚ್ಚು ಉಣಿಸುವುದಕ್ಕೆ. ಸುತ್ತಿಗೆಯ ಅರ್ಥವೇನೆಂದು ಯಾರಾದರೂ ಕೇಳುತ್ತಾರೆಯೆ?

ಇನ್ನೊಂದು ದೊಡ್ಡ ಕೆಲಸವನ್ನು ನಾವು ಗಮನಿಸಿಯೇ ಇಲ್ಲ. ಕನ್ನಡದಲ್ಲಿ ಹ್ರಸ್ವ ಎ, ದೀರ್ಘ ಏ ಬೇರೆ ಬೇರೆ. ಒ, ಓ ಬೇರೆ ಬೇರೆ. ಹಿಂದಿ ಮರಾಠಿಗಳಲ್ಲಿ ಈ ಭೇದವಿಲ್ಲ. ವಾಶಿಯಲ್ಲಿ ಬೆಳೆಯುವ ನಮ್ಮ ಮಗುವಿನ ಕಿವಿಗೆ 'ಬೆಳೆ'ಯೂ 'ಬೇಳೆ'ಯೂ ಒಂದೇ, 'ಕೊಡು' ಎಂಬುದೂ 'ಕೋಡು' ಎಂಬುದೂ ಒಂದೇ ಆಗುವ ಭಯವಿದೆ. ಒತ್ತಕ್ಷರ ಜಾರಿದರೆ 'ಕತ್ತೆ' ಹೋಗಿ 'ಕತೆ' ಆಗುತ್ತದೆ. ವ್ಯಾಕರಣ ಹೇಳಿ ಇದನ್ನು ಮೂರು ವರ್ಷದ ಕೂಸಿಗೆ ಕಲಿಸಲು ಸಾಧ್ಯವೆ? ಪ್ರಾಸ ಕಲಿಸುತ್ತದೆ. ಏಕೆಂದರೆ ಹ್ರಸ್ವ ದೀರ್ಘ ತಪ್ಪಿದರೆ ತಾಳ ತಪ್ಪುತ್ತದೆ, ತಾಳ ತಪ್ಪಿದರೆ ಆಟ ಕೆಡುತ್ತದೆ. ಅವಲಕ್ಕಿಯ ಜೊತೆಗೆ ಬರುವ ಅರ್ಥವಿಲ್ಲದ ಜೋಡಿಮಾತೂ ವ್ಯರ್ಥವಲ್ಲ. ನಾವು 'ಕಾಫಿಗೀಫಿ' ಎನ್ನುತ್ತೇವೆ, ನೆರೆಮನೆಯ ಮರಾಠಿಗರು 'ಚಹಾಬಿಹಾ' ಎನ್ನುತ್ತಾರೆ, ಹಿಂದಿಯವರು 'ಚಾಯ್‌ವಾಯ್' ಎನ್ನುತ್ತಾರೆ. ಭಾಷೆ ತನ್ನ ಮಾತಿನ ಜೊತೆ ತಾನೇ ಆಡುವ ಈ ಆಟ ಮಗುವಿಗೆ ಮೊದಲು ಸಿಕ್ಕುವುದು ಇಂಥ ಪ್ರಾಸದಲ್ಲೇ.

ಒಂದು ಭೇದವನ್ನು ಇಲ್ಲಿ ಮರೆಯಬಾರದು. ಕವಿಗಳು ಮಕ್ಕಳಿಗಾಗಿ ಬರೆದ ಪದ್ಯಗಳು ಬೇರೆ. 'ಕವಿಶಿಷ್ಯ' ಎಂಬ ಹೆಸರಿನಲ್ಲಿ ಬರೆದ ಪಂಜೆ ಮಂಗೇಶರಾಯರು (1874–1937), ಜಿ. ಪಿ. ರಾಜರತ್ನಂ, ಮುಂಬಯಿಯಲ್ಲೇ ಬಹುಕಾಲ ದುಡಿದ ದಿನಕರ ದೇಸಾಯಿ ಇವರ ಪದ್ಯಗಳಿಗೆ ಅರ್ಥವಿದೆ, ಅದನ್ನು ಹೇಳಿಕೊಡಲೂಬಹುದು. ರಾಜರತ್ನಂ ಅವರ ತುತ್ತೂರಿ ನೀರಿಗೆ ಬಿದ್ದಾಗ ಜಂಬದ ಗತಿಯೇನೆಂದು ಮಗುವಿಗೆ ತಾನಾಗಿಯೇ ತಿಳಿಯುತ್ತದೆ. ಬಾಯಿಂದ ಬಾಯಿಗೆ ಬಂದ ಪ್ರಾಸವನ್ನು ಅದೇ ತಕ್ಕಡಿಯಲ್ಲಿ ತೂಗಬಾರದು.

ಇನ್ನು ಚಿತ್ರಗಳ ವಿಚಾರ. ಅಂಗಡಿಯಲ್ಲಿ ಸಿಗುವ ಕನ್ನಡ ಶಿಶುಗೀತೆಗಳ ಎಷ್ಟೋ ಪುಸ್ತಕ, ತಖ್ತೆಗಳನ್ನು ತೆರೆದು ನೋಡಿ. ಅಕ್ಷರ ಕನ್ನಡ, ಚಿತ್ರ ಯಾವುದೋ ದೇಶದ್ದು. ಅಜ್ಜಿ ಗೌನು ತೊಟ್ಟು ತೂಗುಕುರ್ಚಿಯಲ್ಲಿ ಕುಳಿತಿದ್ದಾಳೆ. ಮನೆಗೆ ಹೊಗೆಗೂಡು, ಚಂದಮಾಮನ ತಲೆಗೆ ರಾತ್ರಿಯ ಟೊಪ್ಪಿಗೆ. ಇಂಥ ಚಿತ್ರ ಹಾಡಿಗೆ ಬೆಳಕು ಕೊಡುವುದಿಲ್ಲ, ಹಾಡನ್ನು ಗಡೀಪಾರು ಮಾಡುತ್ತದೆ.

ಚಿತ್ರ ಹಾಡನ್ನು ಹೇಗೆ ತಿಂದುಬಿಡಬಲ್ಲದೆಂಬುದಕ್ಕೆ ಹಂಪ್ಟಿ ಡಂಪ್ಟಿಯೇ ಸಾಕ್ಷಿ. ಆ ಪದ್ಯದಲ್ಲಿ ಮೊಟ್ಟೆ ಎಂಬ ಮಾತೇ ಇಲ್ಲ. ಅದೊಂದು ಒಗಟು, ಮೊಟ್ಟೆ ಅದರ ಉತ್ತರ. 1871ರಲ್ಲಿ ಹೊರಬಂದ ಲೂಯಿ ಕ್ಯಾರಲ್ ಅವರ ಪುಸ್ತಕಕ್ಕೆ ಟೆನಿಯಲ್ ಬಿಡಿಸಿದ ಮೊಟ್ಟೆಯ ಮನುಷ್ಯ ಲೋಕಪ್ರಸಿದ್ಧನಾದ. ಉತ್ತರ ಎಲ್ಲರ ಕಣ್ಣೆದುರು ಕುಳಿತ ಮೇಲೆ ಒಗಟು ಉಳಿಯುವುದೆಲ್ಲಿ? ನಮ್ಮ ಒಗಟುಗಳ ಪಕ್ಕದಲ್ಲಿ ತೆಂಗಿನಕಾಯಿಯ ಚಿತ್ರ ಅಚ್ಚುಹಾಕಿದರೆ ಯಾವ ಮಗು ತಲೆ ಕೆರೆದುಕೊಂಡೀತು?

"ಮಕ್ಕಳು ಚಿತ್ರವಿಲ್ಲದೆ ಪುಸ್ತಕ ಮುಟ್ಟುವುದಿಲ್ಲ" ಎನ್ನುವವರಿಗೆ ನನ್ನ ಉತ್ತರ ಇಷ್ಟೆ: ಚಿತ್ರ ಬೇಡವೆನ್ನುವುದಿಲ್ಲ, ನಮ್ಮದನ್ನು ಬರೆಯಿರಿ. ವಾಶಿಯ ಸಗಟು ಮಾರುಕಟ್ಟೆಯ ಮೂಟೆಗಳಿವೆ, ಖಾಡಿಗೆ ಬಂದಿಳಿಯುವ ರಾಜಹಂಸಗಳಿವೆ, ಕಿಟಕಿಯ ಸರಳಿನ ಮೇಲೆ ಕೂರುವ ಕಾಗೆ ಇದೆ, ಅಂಗಡಿಯಲ್ಲಿ ಪೋಹೆ ಎಂದು ಕೇಳಿ ತರುವ ಅದೇ ಅವಲಕ್ಕಿ ಇದೆ. ಒರಳು, ಬೀಸುವ ಕಲ್ಲು, ಕಣಜಗಳನ್ನು ಮಗು ಕಂಡಿಲ್ಲವಾದರೆ ಅವುಗಳ ಚಿತ್ರ ತೋರಿಸಿ. ವಸ್ತುವನ್ನು ತೋರಿಸುವುದು ಬೇರೆ, ಹಾಡಿನ ಹೊಟ್ಟೆ ಸೀಳಿ ಗುಪ್ತಾರ್ಥ ಹುಡುಕುವುದು ಬೇರೆ.

"ಕೆಲವು ಹಳೆಯ ಪದಗಳಲ್ಲಿ ಹೆಣ್ಣನ್ನೋ ಜಾತಿಯನ್ನೋ ಹಂಗಿಸುವ ಮಾತಿದೆ" ಎಂಬ ಆಕ್ಷೇಪಣೆಯನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅಂಥದನ್ನು ಬಿಟ್ಟುಬಿಡೋಣ, ಇಲ್ಲವೆ ಮಾತು ಬದಲಿಸೋಣ. ಜನಪದ ಹಾಡು ಕಲ್ಲಿನ ಶಾಸನವಲ್ಲ. ಆದರೆ ಅರ್ಥ ಹೇಳೆಂದು ಪೀಡಿಸುವವರು ಸ್ಪಷ್ಟವಾದ ಅರ್ಥವಿರುವಲ್ಲಿ ಸುಮ್ಮನಿರುವುದೇಕೆ? ಮಳೆಯನ್ನು ಹೊರಟುಹೋಗೆಂದು ಓಡಿಸುವ ಇಂಗ್ಲಿಷ್ ಪ್ರಾಸವನ್ನು ನಮ್ಮ ಮಕ್ಕಳು ಜುಲೈ ತಿಂಗಳಲ್ಲಿ ಹಾಡುತ್ತಾರೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಳೆ ಕೈಕೊಟ್ಟರೆ ಗುರ್ಜಿಯನ್ನು ತಲೆಯ ಮೇಲೆ ಹೊತ್ತು ಮನೆಮನೆಯಲ್ಲಿ ನೀರು ಹೊಯ್ಯಿಸಿಕೊಂಡು ಮಳೆಯನ್ನು ಹಾಡಿ ಕರೆಯುತ್ತಾರೆ. ಮರಾಠಿ ಮಕ್ಕಳೂ ಕಾಸಿನ ಆಸೆ ತೋರಿಸಿ ಮಳೆಯನ್ನು ಕರೆಯುವವರೇ. ಇಂಗ್ಲಿಷಿಗೆ ಕೇಳದ ಪ್ರಶ್ನೆಯನ್ನು ಕನ್ನಡಕ್ಕೆ ಮಾತ್ರ ಕೇಳುವುದು ಅರ್ಥದ ಮೇಲಿನ ಪ್ರೀತಿಯಲ್ಲ, ನಮ್ಮದರ ಮೇಲಿನ ಕೀಳರಿಮೆ.

ಈ ಪ್ರಶ್ನೆಗೆ ಬೆಲೆ ತೆರುವವರು ಯಾರು? ಊರಿಂದ ವರ್ಷಕ್ಕೆ ಎರಡು ತಿಂಗಳು ಮಗನ ಮನೆಗೆ ಬರುವ ಅಜ್ಜಿ. ಮೊಮ್ಮಗುವನ್ನು ಕಾಲ ಮೇಲೆ ಹಾಕಿಕೊಂಡು ಆಕೆ ಪದ ಎತ್ತಿದಾಗ, "ಅಮ್ಮಾ, ಇದರ ಅರ್ಥ ಏನು?" ಎಂದು ಓದಿದ ಮಗ ಕೇಳಿದರೆ ಆಕೆ ನಾಚಿ ಸುಮ್ಮನಾಗುತ್ತಾಳೆ. ಹಾಗೆ ಸುಮ್ಮನಾದ ಅಜ್ಜಿ ಮತ್ತೆ ಬಾಯಿ ತೆರೆಯುವುದಿಲ್ಲ. ಅಷ್ಟರಮಟ್ಟಿಗೆ ಮನೆಯ ಕನ್ನಡ ಮುಗಿದಂತೆ. 1931ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಪ್ರಕಟಿಸಿದಾಗ ಹಳ್ಳಿಯ ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡರು. ಅವರು ಆ ತಾಯಂದಿರಿಗೆ ಪರೀಕ್ಷೆ ಇಟ್ಟಿರಲಿಲ್ಲ.

ಧಾರವಾಡದ, ಮಂಗಳೂರಿನ, ಕಾರವಾರದ, ಮೈಸೂರಿನ ಅಜ್ಜಿಯರು ಒಂದೇ ಕಟ್ಟಡದ ನಾಲ್ಕು ಮಹಡಿಗಳಲ್ಲಿ ಸಿಗುವುದು ಇಂಥ ಊರಿನಲ್ಲಿ ಮಾತ್ರ. ಒಂದೇ ಪ್ರಾಸದ ನಾಲ್ಕು ಪಾಠಗಳೂ ಇಲ್ಲೇ ಸಿಗುತ್ತವೆ. ಯಾವುದು ಸರಿ ಎಂದು ವಾದಿಸಬೇಡಿ, ನಾಲ್ಕೂ ಸರಿ. ಸಂಘಗಳಲ್ಲಿ ನನ್ನ ವಿನಂತಿ ಇಷ್ಟು: ಸ್ಪರ್ಧೆಯಿಂದ ಅರ್ಥವಿವರಣೆಯ ಅಂಕ ತೆಗೆದುಹಾಕಿ. ಮಕ್ಕಳು ಹಾಡಲಿ, ಆಡಲಿ, ಹಾಡಿಗೆ ತಾವೇ ಚಿತ್ರ ಬರೆಯಲಿ. ಅಜ್ಜಿಯರ ದನಿಯನ್ನು ಊರು, ಜಿಲ್ಲೆಯ ಹೆಸರಿನೊಂದಿಗೆ ಧ್ವನಿಮುದ್ರಿಸಿಡಿ. ಕೈಯಲ್ಲಿರುವ ಫೋನಿಗೆ ಅಷ್ಟಾದರೂ ಸಾರ್ಥಕ ಕೆಲಸ ಸಿಗಲಿ. ಅರ್ಥದ ವಿಚಾರಣೆ ಮಕ್ಕಳು ದೊಡ್ಡವರಾದ ಮೇಲೆ ತಾವೇ ಮಾಡಿಕೊಳ್ಳುತ್ತಾರೆ. ಅದಕ್ಕೆ ಮೊದಲು ಹಾಡು ಅವರ ಬಾಯಲ್ಲಿರಬೇಕು.