ಬೀಡು ಕಟ್ಟುವ ಆಟ, ಕಿರ್ಲೋಸ್ಕರವಾಡಿಯ ಪಾಠ

ಗಣಕಯಂತ್ರದಲ್ಲಿ ಆಡುವ ‘ಬ್ಯಾನಿಶ್ಡ್’ ಎಂಬ ಆಟ 2014ರಲ್ಲಿ ಹೊರಬಂದಿತು. ಹೆಸರಿನ ಅರ್ಥ ‘ಗಡೀಪಾರಾದವರು’. ನೆಲೆ ಕಳೆದುಕೊಂಡ ನಾಲ್ಕೈದು ಕುಟುಂಬಗಳು ಅಲ್ಪಸ್ವಲ್ಪ ಸಾಮಗ್ರಿಯೊಡನೆ ನಿರ್ಜನ ಪ್ರದೇಶಕ್ಕೆ ಬಂದು ನಿಲ್ಲುತ್ತವೆ. ಅವರನ್ನು ಚಳಿಗಾಲ ದಾಟಿಸಿ ಊರೊಂದನ್ನು ಕಟ್ಟುವುದು ಆಡುವವರ ಹೊಣೆ. ಇಲ್ಲಿ ಯುದ್ಧವಿಲ್ಲ, ಹಣದ ಚಲಾವಣೆಯೂ ಇಲ್ಲ. ಊರುಗಳು ಹೆಚ್ಚಾಗಿ ನಾಶವಾಗುವುದು ಹಸಿವು, ಚಳಿ ಹಾಗೂ ಆಡುವವರ ಆತುರದಿಂದ.

ಇಂಥದೇ ಆರಂಭವುಳ್ಳ ಊರೊಂದು ಸಾಂಗಲಿ ಜಿಲ್ಲೆಯಲ್ಲಿದೆ. ಮಿರಜದಿಂದ ಪುಣೆಯ ಕಡೆಗೆ ಹೊರಟ ಗಾಡಿ ಸಾಂಗಲಿ, ಭಿಲವಡಿಗಳನ್ನು ದಾಟಿದ ಮೇಲೆ ಕಿರ್ಲೋಸ್ಕರವಾಡಿ ಬರುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳನ್ನು ತಯಾರಿಸುತ್ತಿದ್ದರು. ಕಬ್ಬಿಣ ಮಣ್ಣಿಗೆ ವಿಷವೆಂದು ನಂಬಿದ್ದ ರೈತರು ಮೊದಮೊದಲು ಆ ನೇಗಿಲನ್ನು ಮುಟ್ಟಲೂ ಒಪ್ಪಲಿಲ್ಲ. ಅದು ಮಾರಾಟವಾಗತೊಡಗುವ ಹೊತ್ತಿಗೆ ನಗರದ ವಿಸ್ತರಣೆಗೆ ಆ ಜಾಗ ಬೇಕೆಂದು ನಗರಸಭೆ ಕಾರ್ಖಾನೆಯನ್ನು ತೆರವುಗೊಳಿಸಿತು. ಔಂಧ ಸಂಸ್ಥಾನದ ಅರಸ ಭವಾನರಾವ್ ಪಂತ ಪ್ರತಿನಿಧಿಯವರು ಕುಂಡಲ ರೋಡ್ ನಿಲ್ದಾಣದ ಬಳಿ 32 ಎಕರೆ ಭೂಮಿಯನ್ನೂ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಬೆಳೆದು ನಾಗರಹಾವುಗಳಿಂದ ತುಂಬಿದ್ದ ಆ ಬಂಜರಿಗೆ 1910ರಲ್ಲಿ 25 ಮಂದಿ ಕೆಲಸಗಾರರು ಕುಟುಂಬಸಮೇತರಾಗಿ ಬಂದರು.

ಆಟದಲ್ಲಿ ಹೊಸಬರು ಸಾಮಾನ್ಯವಾಗಿ ಎಡವುವುದು ಮನೆಗಳ ವಿಷಯದಲ್ಲಿ. ಒಮ್ಮೆಲೇ ಹತ್ತು ಮನೆ ಕಟ್ಟಿದರೆ ಹತ್ತು ಸಂಸಾರಗಳು ಹೂಡಲ್ಪಟ್ಟು, ಉಣ್ಣುವ ಬಾಯಿಗಳು ಹೆಚ್ಚಿ ಕಣಜ ಬರಿದಾಗುತ್ತದೆ. ಹೆದರಿ ಮನೆ ಕಟ್ಟುವುದನ್ನೇ ನಿಲ್ಲಿಸಿದರೆ ತರುಣರಿಗೆ ಸಂಸಾರ ಹೂಡಲು ಎಡೆಯಿಲ್ಲದೆ ಮಕ್ಕಳು ಹುಟ್ಟುವುದಿಲ್ಲ. ಕೆಲವೇ ವರ್ಷಗಳಲ್ಲಿ ಊರೆಲ್ಲ ಮುದುಕರು. ಕಣಜದಲ್ಲಿ ಮಿಕ್ಕಿದ್ದನ್ನು ನೋಡಿಕೊಂಡು ಒಂದೊಂದೇ ಮನೆ ಏರಿಸುವುದು ಬಲ್ಲವರ ಕ್ರಮ. ವಲಸಿಗರ ಗುಂಪು ಬಂದು ಆಶ್ರಯ ಕೇಳಿದಾಗಲೂ ಇದೇ ಲೆಕ್ಕ. ಅವರೊಡನೆ ರೋಗವೂ ಬರಬಹುದು, ದುಡಿಯುವ ಕೈಗಳೂ ಬರುತ್ತವೆ. ಲಕ್ಷ್ಮಣರಾಯರಾದರೋ ಸೆರೆಮನೆ ಕಂಡು ಬಂದವರನ್ನು ತಮ್ಮ ಊರಿನ ರಾತ್ರಿ ಕಾವಲಿಗೇ ನೇಮಿಸಿದರು. ಅಂಥ ಧೈರ್ಯಕ್ಕೆ ಆಟದಲ್ಲಿ ಅವಕಾಶವಿಲ್ಲ!

ಇನ್ನು ಕಬ್ಬಿಣ. ಆಟದಲ್ಲಿ ಉಪಕರಣಗಳು ಸವೆಯುತ್ತವೆ; ಹೊಸದಕ್ಕೆ ಕಬ್ಬಿಣ ಸಿಗದಿದ್ದರೆ ಬೆಳೆ, ಕಟ್ಟಿಗೆ ಎಲ್ಲವೂ ಕುಗ್ಗುತ್ತವೆ. ರೈಲು ಹಾದಿಯ ಮೇಲಿದ್ದ ಕಿರ್ಲೋಸ್ಕರವಾಡಿಗೂ ಮೊದಲ ಮಹಾಯುದ್ಧದಲ್ಲಿ ಕಬ್ಬಿಣದ ಬರ ತಟ್ಟಿತು. ಆಗ ಕೊಲ್ಹಾಪುರದ ಶಾಹೂ ಮಹಾರಾಜರು ಹಳೆಯ ಫಿರಂಗಿಗಳನ್ನು ಕೊಡಿಸಿದರೆಂದೂ ಅವು ಕರಗಿ ನೇಗಿಲುಗಳಾದವೆಂದೂ ಈ ಭಾಗದಲ್ಲಿ ಹೇಳುತ್ತಾರೆ.

ಪಾಲಕರು ಗಮನಿಸತಕ್ಕದ್ದು ಆಟದಲ್ಲಿ ಶಾಲೆಗಿರುವ ನಿಯಮವನ್ನು. ಶಾಲೆಯಿಲ್ಲದ ಊರಿನಲ್ಲಿ ಮಕ್ಕಳು ಹತ್ತನೆಯ ವಯಸ್ಸಿಗೇ ದುಡಿಮೆಗೆ ಇಳಿಯುತ್ತಾರೆ. ಶಾಲೆ ಕಟ್ಟಿದರೆ ಅವರು ಮತ್ತೂ ಹಲವು ವರ್ಷ ಓದುತ್ತಲೇ ಇರುತ್ತಾರೆ; ಉಣ್ಣುವವರು ಅಷ್ಟೇ, ದುಡಿಯುವವರು ಕಡಿಮೆ. ಆದರೆ ಓದಿ ಹೊರಬಂದವನು ಅದೇ ಹೊಲದಲ್ಲಿ, ಅದೇ ಕುಲುಮೆಯಲ್ಲಿ ಓದದವನಿಗಿಂತ ಹೆಚ್ಚು ಫಲ ತೆಗೆಯುತ್ತಾನೆ. ಬೀಜದ ಕಾಳನ್ನು ಉಣ್ಣದೆ ಕಾಯ್ದಿರಿಸಿದ ಹಾಗೆ ಈ ವೆಚ್ಚ. ಗುರುವಿನ ಸ್ಥಾನ ತೆರವಾದರಂತೂ ಕಲಿಯುತ್ತಿದ್ದ ಮಕ್ಕಳು ಕೂಲಿಗೆ ಸೇರಿಬಿಡುತ್ತಾರೆ. ಮತ್ತೊಬ್ಬ ಗುರು ಬಂದ ಮೇಲೂ ಅವರು ಶಾಲೆಗೆ ಮರಳುವುದಿಲ್ಲ. ಕಬ್ಬು ಕಡಿಯಲು ಕುಟುಂಬಗಳು ಗುಳೆ ಹೋಗುವ ಜತ್ ತಾಲೂಕಿನ ಪಾಲಕರಿಗೆ ಈ ನಿಯಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಟದ ಅನುಭವಿಗಳು ಯಾವ ಕೆಲಸಕ್ಕೂ ಹಚ್ಚದ ಒಂದಿಬ್ಬರನ್ನು ಸದಾ ಉಳಿಸಿಕೊಂಡಿರುತ್ತಾರೆ, ಗುರುವಿನ ಸ್ಥಾನ ಒಂದು ದಿನವೂ ಬರಿದಾಗದಿರಲೆಂದು.