ಉಸಿರು ಬಿಗಿಹಿಡಿದ ಸೇಬು, ಕಾಯಲಾಗದ ಬೆಳೆಗಾರ

ಏಪ್ರಿಲ್‌ನ ಬಿಸಿಲಿನಲ್ಲಿ ಬೆಂಗಳೂರು, ಹುಬ್ಬಳ್ಳಿಗಳ ಅಂಗಡಿಗಳಲ್ಲಿ ಸಿಗುವ ಕಾಶ್ಮೀರದ ಗರಿಗರಿ ಸೇಬು ಹೊಸ ಬೆಳೆಯಲ್ಲ. ಹಿಂದಿನ ಶರತ್ಕಾಲದಲ್ಲಿ ಕೊಯ್ದು, ಆಮ್ಲಜನಕ ಅತ್ಯಲ್ಪವಿರುವ ಕೋಣೆಯಲ್ಲಿ ಆರೇಳು ತಿಂಗಳು ಕಾಪಿಟ್ಟದ್ದು. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಆ ಕೋಣೆಯ ಬೀಗದ ಕೈ ಯಾರ ಬಳಿ ಇದೆ ಎಂಬುದು ಬೆಳೆಗಾರನ ಪಾಲಿಗೆ ಇಡೀ ವರ್ಷದ ಗಳಿಕೆಯ ಪ್ರಶ್ನೆ.

ಮರದಿಂದ ಬೇರ್ಪಟ್ಟ ಮೇಲೂ ಸೇಬು ಉಸಿರಾಡುತ್ತದೆ. ತನ್ನೊಳಗಿನ ಸಕ್ಕರೆ, ಆಮ್ಲಗಳನ್ನು ತಾನೇ ವ್ಯಯಿಸುತ್ತ, ಎಥಿಲೀನ್ ಅನಿಲ ಹೊರಸೂಸಿ ಮಾಗುತ್ತದೆ, ಬಳಿಕ ಹಿಟ್ಟುಹಿಟ್ಟಾಗುತ್ತದೆ. ಎಥಿಲೀನ್ ಉತ್ಪತ್ತಿಗೂ ಆಮ್ಲಜನಕ ಬೇಕು. ಗಾಳಿಯಲ್ಲಿ ಶೇ. 21ರಷ್ಟಿರುವ ಆಮ್ಲಜನಕವನ್ನು ಶೇ. 1ರಿಂದ 3ಕ್ಕೆ ಇಳಿಸಿ, ಉಷ್ಣತೆಯನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿಟ್ಟರೆ ಈ ಎರಡೂ ಕ್ರಿಯೆಗಳು ಮಂದವಾಗುತ್ತವೆ. ಕಿಡ್ ಮತ್ತು ವೆಸ್ಟ್ ಎಂಬ ಬ್ರಿಟಿಷ್ ವಿಜ್ಞಾನಿಗಳ ಸಂಶೋಧನೆಯ ಫಲವಾಗಿ 1929ರಲ್ಲೇ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ಇಂಥ ವಾಣಿಜ್ಯ ಉಗ್ರಾಣ ತಲೆಯೆತ್ತಿತ್ತು.

ಆದರೆ ಈ ವಿಧಾನ ಹಣ್ಣನ್ನು ಉತ್ತಮಗೊಳಿಸುವುದಿಲ್ಲ. ಆಮ್ಲಜನಕ ಮಿತಿಮೀರಿ ಇಳಿದರೆ ಒಳಗೇ ಹುದುಗು ಹುಟ್ಟಿ ಮದ್ಯದ ವಾಸನೆ ಬರುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ತಿರುಳು ಕಂದಾಗುತ್ತದೆ. ಎಲ್ಲವೂ ಸರಿಯಿದ್ದರೂ ದೀರ್ಘಕಾಲ ಇಟ್ಟ ಹಣ್ಣಿನ ಪರಿಮಳ ತಗ್ಗುತ್ತದೆ. ಏಟು ತಿಂದ, ಮರದಲ್ಲೇ ಪೂರ್ತಿ ಮಾಗಿದ ಹಣ್ಣಂತೂ ಅಲ್ಲಿ ನಿಲ್ಲದು. ಆದ್ದರಿಂದಲೇ ಆಯ್ದ ಹಣ್ಣು ಮಾತ್ರ ಕೋಣೆ ಸೇರಿ, ಉಳಿದದ್ದು ಕೊಯ್ಲಿನ ದಟ್ಟಣೆಯಲ್ಲಿ ಸಿಕ್ಕ ಬೆಲೆಗೆ ಮಂಡಿ ಸೇರುತ್ತದೆ.

ಜಮ್ಮು-ಕಾಶ್ಮೀರದ ವಾರ್ಷಿಕ ಸೇಬು ಉತ್ಪಾದನೆ ಸುಮಾರು 20 ಲಕ್ಷ ಟನ್. ಪುಲ್ವಾಮ ಜಿಲ್ಲೆಯ ಲಸ್ಸಿಪೋರಾದಲ್ಲಿ ಸಾಲುಸಾಲು ಉಗ್ರಾಣಗಳೆದ್ದಿದ್ದರೂ ಕಣಿವೆಯ ಒಟ್ಟು ಸಾಮರ್ಥ್ಯ ಬೆಳೆಯ ಸಣ್ಣ ಪಾಲಷ್ಟೆ. ಉಳಿದ ಹಣ್ಣಿನ ಭವಿಷ್ಯ ಒಂದೇ ಹೆದ್ದಾರಿಯ ಮೇಲೆ ನಿಂತಿದೆ. 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಮಳೆ, ಭೂಕುಸಿತಗಳಿಂದ ಜಮ್ಮು-ಶ್ರೀನಗರ ಹೆದ್ದಾರಿ ಕಡಿದಾಗ ಲಾರಿಗಳಲ್ಲೇ ಹಣ್ಣು ಕೊಳೆಯಿತು; ಕಣಿವೆಯ ಮಂಡಿಗಳು ಪ್ರತಿಭಟಿಸಿ ಬಾಗಿಲು ಹಾಕಿದವು. ಬಡ್ಗಾಮ್‌ನಿಂದ ದಿಲ್ಲಿಗೆ ಪಾರ್ಸೆಲ್ ರೈಲು ಹೊರಟದ್ದು ಅದರ ನಡುವೆಯೇ. ಕೋಣೆ ದೊರೆತವರು ರಸ್ತೆ ತೆರೆಯುವವರೆಗೆ ಕಾದರು. ದೊರೆಯದವರಿಗೆ ಕಾಯುವ ಆಯ್ಕೆಯೇ ಇರಲಿಲ್ಲ.

ಸರಕಾರ ಕೈಕಟ್ಟಿ ಕುಳಿತಿಲ್ಲ ಎಂಬುದನ್ನೂ ಒಪ್ಪಬೇಕು. ಕೇಂದ್ರದ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಯೋಜನೆಯಡಿ ಗುಡ್ಡಗಾಡು ಪ್ರದೇಶಗಳ ಉಗ್ರಾಣಗಳಿಗೆ ಶೇ. 50ರವರೆಗೆ ಸಹಾಯಧನವಿದೆ. ಆದರೆ ಅದು ಬ್ಯಾಂಕ್ ಸಾಲಕ್ಕೆ ತಳಕು ಹಾಕಿಕೊಂಡ ನೆರವು. ಕೋಟಿಗಟ್ಟಲೆ ಬಂಡವಾಳ ಬೇಡುವ ಕಟ್ಟಡಕ್ಕೆ ಕೆಲವೇ ಕನಾಲ್ ತೋಟದ ಒಡೆಯ ಅರ್ಜಿ ಹಾಕುವುದುಂಟೇ? ಬಾಡಿಗೆಗೆ ಇಟ್ಟರೂ ತೊಡಕು ತಪ್ಪದು: ಮುಚ್ಚಿದ ಕೋಣೆಯನ್ನು ಹತ್ತು ಪೆಟ್ಟಿಗೆಗಾಗಿ ಪದೇ ಪದೇ ತೆರೆಯುವಂತಿಲ್ಲ, ಮಗಳ ಮದುವೆಯೇ ಇರಲಿ, ಸಾಲದ ಕಂತೇ ಇರಲಿ.

ಹಿಮಾಚಲದ ಶಿಮ್ಲಾ ಜಿಲ್ಲೆಯ ದಾರಿ ಬೇರೆ. ಅಲ್ಲಿ 2006ರಿಂದ ಖಾಸಗಿ ಕಂಪೆನಿಯೇ ಬೆಳೆಗಾರರಿಂದ ಹಣ್ಣು ಕೊಂಡು ದಾಸ್ತಾನು ಮಾಡುತ್ತ ಬಂದಿದೆ. ಬೆಳೆಗಾರನಿಗೆ ಹಣ ಬೇಗ ಕೈಸೇರುತ್ತದೆ, ನಿಜ. ವಸಂತದ ಏರುಬೆಲೆ ಮಾತ್ರ ಕೋಣೆಯ ಒಡೆಯನಿಗೆ. ಇಟಲಿಯ ದಕ್ಷಿಣ ಟೈರಾಲ್‌ನ ತೋಟಗಳೂ ಚಿಕ್ಕವೇ. ಆದರೆ ಅಲ್ಲಿ ಉಗ್ರಾಣಗಳು ಬಹುತೇಕ ಬೆಳೆಗಾರರ ಸಹಕಾರ ಸಂಘಗಳದ್ದು. ಸದಸ್ಯರ ಹಣ್ಣನ್ನು ಒಟ್ಟುಗೂಡಿಸಿ, ವರ್ಷವಿಡೀ ಮಾರಿ, ಬಂದ ಹಣವನ್ನು ಸಂಘವೇ ಹಂಚುತ್ತದೆ.